ಬ್ಲೋವರ್ ಗಾಳಿ ಕಮ್ಮಿ ಆಯ್ತಾ? ದೊಡ್ಡ ಮೋಟಾರ್ ತರುವ ಮುಂಚೆ ಇದನ್ನು ಓದಿ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಯಾವ ರೈಸ್ ಮಿಲ್ ಒಳಗೆ ಹೋದರೂ ನಾಲ್ಕೈದು ಬ್ಲೋವರ್ ಇದ್ದೇ ಇರುತ್ತವೆ. ಭತ್ತದ ದೂಳು, ಜೊಳ್ಳು ತೆಗೆಯಲು ಒಂದು. ಹೊಟ್ಟು ಎತ್ತಿ ಹೊರಗೆ ಹಾಕಲು ಒಂದು. ತೌಡು ಎಳೆಯಲು ಒಂದು, ಬಾಯ್ಲರ್‌ಗೆ ಒಂದೆರಡು, ಡ್ರೈಯರ್‌ಗೆ ಬೇರೆ. ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಹತ್ತಿಯನ್ನು ಪೈಪಿನೊಳಗೆ ಓಡಿಸುವುದೂ ಇದೇ ಯಂತ್ರ. ಬಳ್ಳಾರಿ, ಕೊಪ್ಪಳದ ಸ್ಪಾಂಜ್ ಐರನ್ ಘಟಕಗಳಲ್ಲಿ ಇದರ ದೊಡ್ಡಣ್ಣಂದಿರು ಇದ್ದಾರೆ. ಕಮ್ಮಾರರ ಕುಲುಮೆ ಪಕ್ಕ ಕೈಯಲ್ಲಿ ತಿರುಗಿಸುವ ಸಣ್ಣ ಯಂತ್ರ ಇರುತ್ತಲ್ಲ, ಅದೂ ಇದೇ ಜಾತಿಯದು. ಇಂಗ್ಲಿಷ್‌ನಲ್ಲಿ ಸೆಂಟ್ರಿಫ್ಯೂಗಲ್ ಫ್ಯಾನ್ ಅನ್ನುತ್ತಾರೆ, ನಮ್ಮ ಕಡೆ ಎಲ್ಲದಕ್ಕೂ ಬ್ಲೋವರ್ ಅಂತಲೇ ಹೆಸರು. ನಾನೂ ಹಾಗೇ ಬರೆಯುತ್ತೇನೆ.

ಈ ಬ್ಲೋವರ್ ಯಾವತ್ತೋ ಒಂದು ದಿನ ಸರಿಯಾಗಿ ಎಳೆಯುವುದಿಲ್ಲ. ಹೊಟ್ಟು ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ, ಅಕ್ಕಿ ಜೊತೆ ತೌಡು ಬರುತ್ತದೆ, ಬಾಯ್ಲರ್ ಬಾಗಿಲಲ್ಲಿ ಹೊಗೆ ಹೊರಗೆ ನುಗ್ಗುತ್ತದೆ. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, "ಸಾವ್ಕಾರ್ರೆ, ಮೋಟಾರ್ ಸಾಲವಲ್ದು, ದೊಡ್ಡದು ಹಾಕ್ರಿ" ಅಂತ. ಹತ್ತು ಎಚ್‌ಪಿ ಮೋಟಾರ್ ತೆಗೆದು ಹದಿನೈದು ಎಚ್‌ಪಿ ಕೂರಿಸುತ್ತಾರೆ. ದುಡ್ಡು ಹೋಗುತ್ತದೆ, ಗಾಳಿ ಮಾತ್ರ ಅಷ್ಟೇ ಇರುತ್ತದೆ.

ಯಾಕೆಂದರೆ ಎರಡು ಮೋಟಾರೂ ನಿಮಿಷಕ್ಕೆ ಸುಮಾರು 1440 ಸುತ್ತೇ ತಿರುಗುತ್ತವೆ. ಪುಲ್ಲಿ ಅದೇ, ಒಳಗೆ ತಿರುಗುವ ಬ್ಲೇಡಿನ ಚಕ್ರ ಅಂದರೆ ಇಂಪೆಲ್ಲರ್ ಅದೇ, ವೇಗ ಅದೇ. ಬ್ಲೋವರ್‌ಗೆ ಗೊತ್ತಾಗುವುದು ತನ್ನ ವೇಗ ಮಾತ್ರ, ಹಿಂದೆ ಎಷ್ಟು ಎಚ್‌ಪಿ ಕೂತಿದೆ ಅಂತ ಅದಕ್ಕೆ ಗೊತ್ತಿಲ್ಲ. ಹಳೆ ಮೋಟಾರ್ ಭಾರಕ್ಕೆ ಏದುಸಿರು ಬಿಟ್ಟು ಸುತ್ತು ಕಳೆದುಕೊಳ್ಳುತ್ತಿದ್ದರೆ ಬೇರೆ ಮಾತು, ಆದರೆ ಹಾಗಿದ್ದರೆ ಅದು ಬಿಸಿಯಾಗಿ ಟ್ರಿಪ್ ಆಗಿ ಮೊದಲೇ ನಿಮಗೆ ತಿಳಿಸಿರುತ್ತದೆ. ಹಾಗಾಗಿ ಗಾಳಿ ಕಮ್ಮಿ ಆದಾಗ ಮೋಟಾರ್ ಕಡೆಗೆ ಕೈ ಹಾಕುವುದು ಕಟ್ಟಕಡೆಯ ಕೆಲಸ. ಅದಕ್ಕೂ ಮುಂಚೆ ನೋಡಬೇಕಾದ್ದು ಬೇಕಾದಷ್ಟಿದೆ. ಅದನ್ನು ಸರಿಯಾಗಿ ನೋಡಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು.

ಒಳಗೆ ಗಾಳಿಗೆ ಏನಾಗುತ್ತದೆ

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನೋಡಿರುತ್ತೀರಿ. ಕಲ್ಲು ಇಟ್ಟು ಗರಗರ ತಿರುಗಿಸಿ ಒಂದು ಎಳೆ ಬಿಟ್ಟರೆ, ಕಲ್ಲು ತಿರುಗುತ್ತಿದ್ದ ವೇಗವನ್ನೇ ತೆಗೆದುಕೊಂಡು ಹಾರಿಹೋಗುತ್ತದೆ. ಬ್ಲೋವರ್‌ನ ಇಂಪೆಲ್ಲರ್ ಗಾಳಿಗೆ ಮಾಡುವುದೂ ಇದನ್ನೇ. ನಡುವಿನ ಬಾಯಿಂದ ಒಳಗೆ ಬಂದ ಗಾಳಿ ಬ್ಲೇಡ್‌ಗಳ ನಡುವೆ ಸಿಕ್ಕಿ ಸುತ್ತುತ್ತದೆ, ಸುತ್ತುತ್ತಾ ಹೊರ ಅಂಚಿಗೆ ಸರಿಯುತ್ತದೆ, ಅಂಚಿನಿಂದ ಭಾರಿ ವೇಗದಲ್ಲಿ ಹೊರಗೆ ಚಿಮ್ಮುತ್ತದೆ.

ಆದರೆ ನಮಗೆ ಬೇಕಾದ್ದು ಬರೀ ವೇಗ ಅಲ್ಲ, ಒತ್ತಡ. ಉದ್ದ ಪೈಪು, ಪೈಪಿನ ತಿರುವು ಅಂದರೆ ಬೆಂಡು, ಗಾಳಿಯಿಂದ ದೂಳು ಹೊಟ್ಟು ಬೇರ್ಪಡಿಸುವ ಸೈಕ್ಲೋನ್, ಇಷ್ಟನ್ನೂ ದಾಟಿಕೊಂಡು ಗಾಳಿ ಹೋಗಬೇಕಾದರೆ ಅದನ್ನು ಹಿಂದಿನಿಂದ ತಳ್ಳುವ ಬಲ ಬೇಕು. ಆ ಒತ್ತಡ ಎರಡು ಕಡೆ ಹುಟ್ಟುತ್ತದೆ.

ಒಂದು, ಇಂಪೆಲ್ಲರ್ ಒಳಗೇ. ಸುತ್ತುತ್ತಿರುವ ಗಾಳಿ ಹೊರಗಡೆಗೆ ಒತ್ತುತ್ತಿರುತ್ತದೆ, ಹಾಗಾಗಿ ನಡುವೆ ಒತ್ತಡ ಕಮ್ಮಿ, ಅಂಚಿನಲ್ಲಿ ಜಾಸ್ತಿ. ನಡುವೆ ಕಮ್ಮಿ ಆಗಿರುವುದರಿಂದಲೇ ಹೊಸ ಗಾಳಿ ಒಳಗೆ ಬರುತ್ತದೆ. ನಾವು ಬ್ಲೋವರ್ ಎಳೆಯುತ್ತದೆ ಅನ್ನುತ್ತೇವೆ, ನಿಜವಾಗಿ ಹೊರಗಿನ ವಾತಾವರಣ ಗಾಳಿಯನ್ನು ಒಳಗೆ ತಳ್ಳುತ್ತಿರುತ್ತದೆ.

ಎರಡನೆಯದು ಕೇಸಿಂಗ್‌ನಲ್ಲಿ, ಅಂದರೆ ಇಂಪೆಲ್ಲರ್ ಸುತ್ತ ಇರುವ ತಗಡಿನ ಕವಚದಲ್ಲಿ. ಕೇಸಿಂಗ್ ದುಂಡಗೆ ಇರುವುದಿಲ್ಲ, ಸುರುಳಿಯ ಹಾಗೆ ಒಂದು ಕಡೆ ಕಿರಿದಾಗಿ ಶುರುವಾಗಿ ಗಾಳಿ ಹೊರಬೀಳುವ ಬಾಯಿಯ ಕಡೆಗೆ ಅಗಲವಾಗುತ್ತಾ ಹೋಗುತ್ತದೆ. ಚಂದಕ್ಕೆ ಹಾಗೆ ಮಾಡಿದ್ದಲ್ಲ. ಸುತ್ತ ಚಿಮ್ಮುವ ಗಾಳಿಯನ್ನೆಲ್ಲ ಕೂಡಿಸಿಕೊಂಡು ಹೋಗಲು ಜಾಗ ಬೇಕು, ಜೊತೆಗೆ ಗಾಳಿಯ ವೇಗ ಮೆಲ್ಲಗೆ ಇಳಿಯಬೇಕು. ವೇಗ ಮೆಲ್ಲಗೆ ಇಳಿದರೆ ಆ ಶಕ್ತಿ ಒತ್ತಡವಾಗಿ ಬದಲಾಗುತ್ತದೆ. ಒಮ್ಮೆಲೇ ಇಳಿದರೆ ಸುಳಿ ಎದ್ದು, ಬಿಸಿಯಾಗಿ, ಶಬ್ದವಾಗಿ ಹಾಳಾಗುತ್ತದೆ. ಬಾಯಿ ಮುಂದೆ ತಕ್ಷಣ ಒಂದು ಬೆಂಡು ಕೂರಿಸುವುದು ತಪ್ಪು ಅನ್ನುವುದು ಇದಕ್ಕೇ. ಕನಿಷ್ಠ ಪೈಪಿನ ಅಗಲದ ಎರಡು ಮೂರು ಪಟ್ಟಾದರೂ ನೇರ ಪೈಪ್ ಇರಲಿ, ಆಮೇಲೆ ಬೆಂಡು ಹಾಕಿ.

ಸುರುಳಿ ಕೇಸಿಂಗ್ ಈಗಿನದಲ್ಲ. ಬೆಲ್ಜಿಯಂನಲ್ಲಿ ಕೆಲಸ ಮಾಡುತ್ತಿದ್ದ ಗಿಬಾಲ್ ಎಂಬ ಎಂಜಿನಿಯರ್ 1860ರ ದಶಕದಲ್ಲೇ ಕಲ್ಲಿದ್ದಲು ಗಣಿಗೆ ಗಾಳಿ ಹಾಕುವ ಇಂಥ ಫ್ಯಾನ್ ಮಾಡಿ, ಬಾಯಿ ಮುಂದೆ ಅಗಲವಾಗುತ್ತಾ ಹೋಗುವ ಚಿಮಣಿ ಇಟ್ಟಿದ್ದ. ಇನ್ನೊಬ್ಬ ಬೆಲ್‌ಫಾಸ್ಟ್‌ನ ಸ್ಯಾಮ್ಯುಯೆಲ್ ಡೇವಿಡ್‌ಸನ್. ಈತ ಅಸ್ಸಾಂ ಕಡೆ ಟೀ ತೋಟದಲ್ಲಿದ್ದವನು, ಟೀ ಎಲೆ ಒಣಗಿಸುವ ಯಂತ್ರದ ಹಿಂದೆ ಬಿದ್ದು 1898ರ ಹೊತ್ತಿಗೆ ಮುಂದಕ್ಕೆ ಬಾಗಿದ ಸಣ್ಣ ಸಣ್ಣ ಬ್ಲೇಡ್‌ಗಳ ಫ್ಯಾನ್ ಮಾಡಿದ. ಕಾರಿನ ಎಸಿ ಒಳಗೆ ತಿರುಗುವ ಸಣ್ಣ ಡ್ರಮ್ಮಿನಂಥ ಬ್ಲೋವರ್ ಅದರ ಮೊಮ್ಮಗ.

ಎಷ್ಟು ಒತ್ತಡ ಅಂದರೆ ಎಷ್ಟು?

ಬ್ಲೋವರ್ ಒತ್ತಡವನ್ನು ನೀರಿನ ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರ್ ಅಂದರೆ ಸುಮಾರು 9.8 ಪ್ಯಾಸ್ಕಲ್. ನಮ್ಮ ಸುತ್ತಲಿನ ವಾತಾವರಣದ ಒತ್ತಡ ಸಮುದ್ರ ಮಟ್ಟದಲ್ಲಿ ಸುಮಾರು 10,300 ಮಿಲಿಮೀಟರ್. ಮಿಲ್ಲಿನ ಬ್ಲೋವರ್ ಏರಿಸುವುದು 100, 200, ಹೆಚ್ಚೆಂದರೆ ಐನೂರರ ಆಸುಪಾಸು. ಅಂದರೆ ನೂರಕ್ಕೆ ಒಂದರಿಂದ ಐದು ಭಾಗ. ಪಂಚರ್ ಅಂಗಡಿಯ ಕಂಪ್ರೆಸರ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇಷ್ಟು ಸಣ್ಣ ಏರಿಕೆ ಆದ್ದರಿಂದಲೇ ಒಂದು ಸಣ್ಣ ತೂತು, ಒಂದು ಸಡಿಲ ಬೆಲ್ಟು, ಒಂದಿಷ್ಟು ದೂಳು ಕೂಡ ಗಾಳಿಯನ್ನು ತಿಂದು ಹಾಕುತ್ತದೆ.

ಒಂದು ಲೆಕ್ಕ ಕಲಿತುಕೊಳ್ಳಿ, ಮೋಸ ಹೋಗುವುದಿಲ್ಲ. ಇಂಪೆಲ್ಲರ್‌ನ ಅಡ್ಡಳತೆಯನ್ನು ಮೀಟರ್‌ನಲ್ಲಿ ತೆಗೆದುಕೊಂಡು ನಿಮಿಷದ ಸುತ್ತಿನಿಂದ ಗುಣಿಸಿ, 0.052ರಿಂದ ಮತ್ತೆ ಗುಣಿಸಿ. ಬ್ಲೇಡ್ ತುದಿಯ ವೇಗ ಸಿಗುತ್ತದೆ. ಎರಡು ಅಡಿ, ಅಂದರೆ ಸುಮಾರು 0.6 ಮೀಟರ್ ಇಂಪೆಲ್ಲರ್ 1440 ಸುತ್ತಿನಲ್ಲಿ ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 45 ಮೀಟರ್. ಆ ವೇಗದ ಗಾಳಿಯನ್ನು ಪೂರ್ತಿ ನಿಲ್ಲಿಸಿದರೆ ಸುಮಾರು 125 ಮಿಲಿಮೀಟರ್ ಒತ್ತಡ. ಹಿಂದಕ್ಕೆ ಬಾಗಿದ ಬ್ಲೇಡಿನ ಒಳ್ಳೆಯ ಬ್ಲೋವರ್ ಕೊಡುವುದು ಹೆಚ್ಚುಕಮ್ಮಿ ಇದರ ಆಸುಪಾಸಿನಲ್ಲೇ. ನೇರ ಬ್ಲೇಡಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬರುತ್ತದೆ, ಆದರೆ ಅಲ್ಲೂ ಲೆಕ್ಕದ ಮೇಲಿನ ಮಿತಿ 250, ನಷ್ಟ ಕಳೆದರೆ ಅಷ್ಟೂ ಕೈಗೆ ಸಿಗುವುದಿಲ್ಲ. ಹಾಗಾಗಿ ಎರಡು ಅಡಿ ನೇರ ಬ್ಲೇಡ್ ಇಂಪೆಲ್ಲರ್‌ನಲ್ಲಿ ಇದೇ ವೇಗಕ್ಕೆ 400 ಮಿಲಿಮೀಟರ್ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮದು ಯಾವ ಬ್ಲೇಡ್?

ನಿಲ್ಲಿಸಿ, ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಂಡು, ಇಂಪೆಲ್ಲರ್ ಪೂರ್ತಿ ನಿಂತ ಮೇಲೆ ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿ. ಫ್ಯೂಸ್ ಜೇಬಿನಲ್ಲೇ ಇರಬೇಕು, ಇದನ್ನು ಸುಮ್ನೆ ಹೇಳುತ್ತಿಲ್ಲ. ನೀವು ಒಳಗೆ ಕೈ ಹಾಕಿದಾಗ ಆ ಕಡೆಯಿಂದ ಯಾರೋ ಬಂದು ಸ್ಟಾರ್ಟರ್ ಒತ್ತಿದರೆ ಕೈ ಉಳಿಯುವುದಿಲ್ಲ.

ಬ್ಲೇಡ್ ಅಗಲವಾಗಿ, ಆರು ಎಂಟು ಮಾತ್ರ ಇದ್ದು, ನಡುವಿನಿಂದ ಅಂಚಿಗೆ ನೇರವಾಗಿದ್ದರೆ ಅದು ನೇರ ಬ್ಲೇಡ್. ಹೊಟ್ಟು, ಹತ್ತಿ, ದೂಳು ಒಳಗಿಂದಲೇ ದಾಟಿ ಹೋಗಬೇಕಾದ ಕಡೆ ಇದೇ ಸರಿ, ಏನೂ ಕಟ್ಟಿಕೊಳ್ಳುವುದಿಲ್ಲ, ಸವೆದರೆ ತಗಡು ಬೆಸುಗೆ ಹಾಕಬಹುದು. ಕರೆಂಟ್ ಮಾತ್ರ ಜಾಸ್ತಿ ತಿನ್ನುತ್ತದೆ.

ಬ್ಲೇಡ್‌ಗಳ ತುದಿ ತಿರುಗುವ ದಿಕ್ಕಿಗೆ ವಿರುದ್ಧವಾಗಿ ವಾಲಿದ್ದರೆ ಅದು ಹಿಂದಕ್ಕೆ ಬಾಗಿದ್ದು. ಕರೆಂಟ್ ಉಳಿಸುವುದರಲ್ಲಿ ಇದೇ ಮುಂದು, ಮತ್ತೆ ಇದಕ್ಕೊಂದು ದೊಡ್ಡ ಗುಣವಿದೆ, ಗಾಳಿ ಎಷ್ಟೇ ಹರಿದರೂ ಮೋಟಾರ್ ಮೇಲಿನ ಭಾರ ಒಂದು ಮಿತಿ ದಾಟುವುದಿಲ್ಲ. ಶುದ್ಧ ಗಾಳಿ ಇರುವ ಕಡೆ, ಬಾಯ್ಲರ್‌ಗೆ ಗಾಳಿ ಊದುವ ಎಫ್‌ಡಿ ಫ್ಯಾನ್, ಡ್ರೈಯರ್ ಫ್ಯಾನ್ ಅಂಥವಕ್ಕೆ ನಾನು ಇದನ್ನೇ ಹೇಳುತ್ತೇನೆ. ಮುಂದಕ್ಕೆ ಬಾಗಿದ ಸಣ್ಣ ಬ್ಲೇಡಿನದು ಸಣ್ಣ ಜಾಗದಲ್ಲಿ, ಕಮ್ಮಿ ವೇಗದಲ್ಲಿ ಹೆಚ್ಚು ಗಾಳಿ ಕೊಡುತ್ತದೆ, ದೂಳಿನ ಕೆಲಸಕ್ಕೆ ಮಾತ್ರ ಬೇಡವೇ ಬೇಡ.

ಈಗ ಹುಡುಕೋಣ, ಒಂದೊಂದಾಗಿ

ಮೊದಲು ತಿರುಗುವ ದಿಕ್ಕು. ಎಲ್ಲಕ್ಕಿಂತ ಮೊದಲು ಇದೇ, ಯಾಕೆಂದರೆ ಇದು ಕಣ್ಣಿಗೆ ಮೋಸ ಮಾಡುತ್ತದೆ. ಸೀಲಿಂಗ್ ಫ್ಯಾನ್ ಅಥವಾ ಗೋಡೆಯ ಎಗ್ಸಾಸ್ಟ್ ಫ್ಯಾನ್ ಉಲ್ಟಾ ತಿರುಗಿದರೆ ಗಾಳಿ ಉಲ್ಟಾ ಹೋಗುತ್ತದೆ. ಬ್ಲೋವರ್ ಹಾಗಲ್ಲ. ಉಲ್ಟಾ ತಿರುಗಿದರೂ ಗಾಳಿ ನಡುವಿನಿಂದಲೇ ಒಳಗೆ ಬಂದು ಬಾಯಿಂದಲೇ ಹೊರಗೆ ಹೋಗುತ್ತದೆ, ಆದರೆ ತುಂಬಾ ಕಮ್ಮಿ. ಕೈ ಇಟ್ಟು ನೋಡಿದವರು ಗಾಳಿ ಬರುತ್ತಿದೆಯಲ್ಲ, ಸರಿಯಾಗೇ ಇದೆ ಅಂದುಕೊಂಡು ಬಿಡುತ್ತಾರೆ. ಮೋಟಾರ್ ರಿವೈಂಡಿಂಗ್ ಮಾಡಿಸಿ ತಂದು ಕೂರಿಸಿದ ಮೇಲೆ, ಸ್ಟಾರ್ಟರ್ ಬದಲಿಸಿದ ಮೇಲೆ, ಟ್ರಾನ್ಸ್‌ಫಾರ್ಮರ್ ಅಥವಾ ಲೈನ್ ಕೆಲಸ ಆದ ಮೇಲೆ ಫೇಸ್ ಅದಲುಬದಲಾಗುವುದು ಮಾಮೂಲು. ಹಿಂದಿನ ವಾರ ಚೆನ್ನಾಗಿದ್ದು ಈ ವಾರ ಗಾಳಿ ಇಲ್ಲ ಅಂದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ನೋಡುವುದು ಹೀಗೆ. ಸ್ಟಾರ್ಟ್ ಒತ್ತಿ ತಕ್ಷಣ ಆಫ್ ಮಾಡಿ, ಇಂಪೆಲ್ಲರ್ ನಿಲ್ಲುವ ಹೊತ್ತಿಗೆ ದೂರದಿಂದಲೇ ಶಾಫ್ಟ್ ಯಾವ ಕಡೆ ತಿರುಗುತ್ತಿದೆ ನೋಡಿ. ಕೇಸಿಂಗ್ ಕಿರಿದಾಗಿರುವ ಕಡೆಯಿಂದ ಅಗಲವಾಗುವ ಕಡೆಗೆ, ಅಲ್ಲಿಂದ ಬಾಯಿಗೆ, ಹಾಗೆ ತಿರುಗಬೇಕು. ಹಿಂದಕ್ಕೆ ಬಾಗಿದ ಬ್ಲೇಡ್ ಇದ್ದಾಗ ಕೆಲವರು ವಾದ ಮಾಡುತ್ತಾರೆ, ಬ್ಲೇಡ್ ಗಾಳಿಯನ್ನು ಬಾಚಿಕೊಳ್ಳುವ ಹಾಗೆ ತಿರುಗಬೇಕಲ್ವಾ ಅಂತ. ಬೇಡ. ಬ್ಲೇಡ್ ನೋಡಿ ತೀರ್ಮಾನ ಮಾಡಬೇಡಿ, ಕೇಸಿಂಗ್ ನೋಡಿ. ದಿಕ್ಕು ತಪ್ಪಿದ್ದರೆ ಮೂರು ಫೇಸ್‌ನಲ್ಲಿ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯಿತು. ಆಮೇಲೆ ಕೇಸಿಂಗ್ ಮೇಲೆ ಪೇಂಟಿನಲ್ಲಿ ದೊಡ್ಡ ಬಾಣದ ಗುರುತು ಹಾಕಿಬಿಡಿ, ಮುಂದಿನವರಿಗೆ ಅನುಕೂಲ.

ದಿಕ್ಕು ಸರಿ ಇದ್ದರೆ ಬೆಲ್ಟ್ ನೋಡಿ. ಸಡಿಲವಾದ ಬೆಲ್ಟ್ ಜಾರುತ್ತದೆ, ಮೋಟಾರ್ ಪೂರ್ತಿ ತಿರುಗಿದರೂ ಇಂಪೆಲ್ಲರ್ ಹಿಂದೆ ಬೀಳುತ್ತದೆ. ಪುಲ್ಲಿ ಮುಟ್ಟಲಾಗದಷ್ಟು ಬಿಸಿ, ಕೆಳಗೆ ಕಪ್ಪು ರಬ್ಬರ್ ಪುಡಿ, ಸ್ಟಾರ್ಟ್ ಆಗುವಾಗ ಕೀರಲು ಸದ್ದು, ಇವು ಗುರುತು. ಮೂರು ಬೆಲ್ಟಿನಲ್ಲಿ ಒಂದು ಹೋದರೆ ಒಂದೇ ಬದಲಿಸಬೇಡಿ, ಮೂರೂ ಒಟ್ಟಿಗೆ ಹೊಸದು ಹಾಕಿ, ಇಲ್ಲದಿದ್ದರೆ ಹೊಸದೊಂದೇ ಭಾರವೆಲ್ಲ ಹೊರುತ್ತದೆ. ಬೆಲ್ಟಿನ ಮೇಲೆ ಗಾರ್ಡ್ ಇಲ್ಲದೆ ಎಷ್ಟೋ ಕಡೆ ಓಡಿಸುತ್ತಾರೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಓಡಾಡುವ ಹಮಾಲರು, ಸೀರೆ ಸೆರಗಿನ ಹೆಣ್ಣುಮಕ್ಕಳು ಅದರ ಪಕ್ಕದಲ್ಲೇ ಕೆಲಸ ಮಾಡುತ್ತಾರೆ. ದಯವಿಟ್ಟು ಗಾರ್ಡ್ ಹಾಕಿಸಿ, ಗಾಳಿಯ ಮಾತು ಆಮೇಲೆ.

ಮೂರನೆಯದು ಸೋರಿಕೆ. ತಳ್ಳುವ ಕಡೆ ತೂತಾದರೆ ದೂಳು ಹೊರಗೆ ಹಾರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ತೂತಾದರೆ ಏನೂ ಕಾಣುವುದಿಲ್ಲ, ಹೊರಗಿನ ಗಾಳಿ ಸುಮ್ಮನೆ ಒಳಗೆ ನುಗ್ಗುತ್ತಿರುತ್ತದೆ. ನಿಮಗೆ ಬೇಕಾದ ಕಡೆಯಿಂದ ಎಳೆಯುವ ಬದಲು ಬ್ಲೋವರ್ ತೂತಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಊದುಬತ್ತಿ ಹಚ್ಚಿ ಪೈಪಿನ ಜೋಡಣೆಗಳ ಹತ್ತಿರ ಹಿಡಿದರೆ ಹೊಗೆ ಎಲ್ಲಿ ಒಳಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಆದರೆ ತೌಡಿನ ದೂಳು, ಹೊಟ್ಟಿನ ದೂಳು ಗಾಳಿಯಲ್ಲಿ ತೇಲುತ್ತಿರುವಾಗ ಬೆಂಕಿ ಬೇಡ, ಅದು ಭಗ್ ಅಂತ ಹೊತ್ತಿಕೊಳ್ಳಬಹುದು. ಅಂಥ ಕಡೆ ಹತ್ತಿಯ ಎಳೆಯೋ ತೆಳು ಕಾಗದದ ಚೂರೋ ಹಿಡಿದು ನೋಡಿ. ಸೈಕ್ಲೋನ್ ಕೆಳಗೆ ಗಾಳಿ ಬಿಡದೆ ಹೊಟ್ಟು ಮಾತ್ರ ಇಳಿಸುವ ರೋಟರಿ ವಾಲ್ವ್ ಸವೆದಿದ್ದರೂ ಇದೇ ಕಥೆ. ಅದನ್ನು ಮಾತ್ರ ಮರೆಯಬೇಡಿ, ಬಹಳ ಜನ ಪೈಪೆಲ್ಲ ಹುಡುಕಿ ಅದೊಂದನ್ನು ಬಿಟ್ಟಿರುತ್ತಾರೆ.

ನಾಲ್ಕನೆಯದು ಇಂಪೆಲ್ಲರ್ ತಾನೇ. ಬ್ಲೇಡ್ ಮೇಲೆ ತೌಡು ಅಂಟಿ ಪದರ ಕಟ್ಟಿದ್ದರೆ ಗಾಳಿಯೂ ಕಮ್ಮಿ, ತೂಕವೂ ಒಂದು ಕಡೆ ವಾಲಿ ಬ್ಲೋವರ್ ನಡುಗುತ್ತದೆ. ಸ್ವಚ್ಛ ಮಾಡುವಾಗ ಎಲ್ಲ ಬ್ಲೇಡೂ ಮಾಡಿ, ನಡುಗುತ್ತಿದ್ದದ್ದು ಅರ್ಧ ಸ್ವಚ್ಛ ಮಾಡಿದರೆ ಇನ್ನೂ ಜಾಸ್ತಿ ನಡುಗುತ್ತದೆ. ಬಾಯ್ಲರ್‌ನ ಹೊಗೆ ಎಳೆಯುವ ಐಡಿ ಫ್ಯಾನ್‌ನಲ್ಲಿ ಇನ್ನೊಂದು ಕಾಟ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನದೇ ಅಂಶ. ಅದು ಬ್ಲೇಡನ್ನು ಉಜ್ಜಿ ಉಜ್ಜಿ ತಿನ್ನುತ್ತದೆ. ಸವೆದ ಬ್ಲೇಡಿಗೆ ತಗಡು ಬೆಸುಗೆ ಹಾಕಿದರೆ ಬ್ಯಾಲೆನ್ಸ್ ಮಾಡಿಸದೆ ಓಡಿಸಬೇಡಿ, ಬೇರಿಂಗ್ ಬೇಗ ಹೋಗುತ್ತದೆ.

ಒಳಗೆ ಇನ್ನೊಂದು ಜಾಗ ನೋಡಿ. ಎಳೆಯುವ ಬಾಯಿಯ ಕೊಳವೆ ಇಂಪೆಲ್ಲರ್ ಒಳಗೆ ಸ್ವಲ್ಪ ಸೇರಿಕೊಂಡಿರಬೇಕು, ನಡುವೆ ಕೆಲವೇ ಮಿಲಿಮೀಟರ್ ಸಂದು ಸಾಕು. ಇಂಪೆಲ್ಲರ್ ಬಿಚ್ಚಿ ಕೂರಿಸಿದ ಮೇಲೆ ಅದು ಹಿಂದೆ ಸರಿದು ಸಂದು ದೊಡ್ಡದಾದರೆ, ಒತ್ತಡ ಏರಿದ ಗಾಳಿ ಕೇಸಿಂಗ್ ಒಳಗಿಂದಲೇ ವಾಪಸ್ ಎಳೆಯುವ ಬಾಯಿಗೆ ಹೋಗಿ ಅಲ್ಲಲ್ಲೇ ಸುತ್ತುತ್ತಿರುತ್ತದೆ. ಕೇಸಿಂಗ್ ಇಂಪೆಲ್ಲರ್‌ಗೆ ತೀರಾ ಹತ್ತಿರ ಬರುವ ಮೂಲೆಯನ್ನು ಕಟ್‌ಆಫ್ ಅನ್ನುತ್ತಾರೆ. ಆ ತಗಡು ತುಕ್ಕು ಹಿಡಿದು ಉದುರಿದ್ದರೂ ಹೀಗೇ ಆಗುತ್ತದೆ.

ಕೊನೆಗೆ ಪೈಪು. ಯಾರಾದರೂ ಇತ್ತೀಚೆಗೆ ಪೈಪ್ ಉದ್ದ ಮಾಡಿದ್ದಾರಾ, ಬೆಂಡು ಸೇರಿಸಿದ್ದಾರಾ, ಎಂಟು ಇಂಚಿನ ಜಾಗಕ್ಕೆ ಆರು ಇಂಚಿನದು ಹಾಕಿದ್ದಾರಾ ಕೇಳಿ. ಅಷ್ಟೇ ಗಾಳಿ ಎಂಟರ ಬದಲು ಆರು ಇಂಚಿನಲ್ಲಿ ಹೋಗಬೇಕಾದರೆ ತಿಕ್ಕಾಟದ ನಷ್ಟ ಸುಮಾರು ನಾಲ್ಕು ಪಟ್ಟು. ಬ್ಲೋವರ್ ಅಷ್ಟು ಒತ್ತಡ ಕೊಡಲಾರದು, ಗಾಳಿಯೇ ಕಮ್ಮಿಯಾಗುತ್ತದೆ. ಹಾಗಂತ ಪೈಪ್ ಸುಮ್ನೆ ದಪ್ಪ ಮಾಡಿಬಿಟ್ಟರೂ ತೊಂದರೆ, ಹೊಟ್ಟು ನೆಲ ಹಿಡಿಯದೆ ಓಡಬೇಕಾದರೆ ಸೆಕೆಂಡಿಗೆ 15ರಿಂದ 20 ಮೀಟರ್ ವೇಗ ಇರಬೇಕು. ದಪ್ಪ ಪೈಪಿನಲ್ಲಿ ವೇಗ ಇಳಿದು ಹೊಟ್ಟು ಅಲ್ಲೇ ಕೂರುತ್ತದೆ.

ನೀರಿನ ಪೈಪಿನಲ್ಲಿ ಅಳೆಯುವುದು

ಅಂದಾಜಿನಲ್ಲಿ ಇಷ್ಟು ಹುಡುಕಿದ್ದಾಯಿತು. ನಿಜ ಗೊತ್ತಾಗಬೇಕಾದರೆ ಅಳೆಯಬೇಕು, ಅದಕ್ಕೆ ದುಬಾರಿ ಮೀಟರ್ ಬೇಕಾಗಿಲ್ಲ. ಗೌಂಡಿಗಳು ಮಟ್ಟ ನೋಡಲು ಇಟ್ಟುಕೊಂಡಿರುವ ತೆಳುವಾದ ಪಾರದರ್ಶಕ ಪೈಪ್ ಎರಡು ಮೀಟರ್ ತನ್ನಿ. ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಕಟ್ಟಿ, ನಡುವೆ ಸ್ಕೇಲ್ ಅಂಟಿಸಿ, ಅರ್ಧದವರೆಗೆ ಬಣ್ಣ ಹಾಕಿದ ನೀರು ತುಂಬಿ. ಒಂದು ತುದಿ ತೆರೆದೇ ಇರಲಿ.

ಬ್ಲೋವರ್‌ನಿಂದ ಸ್ವಲ್ಪ ದೂರ, ಗಾಳಿಯ ಪೈಪ್ ನೇರವಾಗಿರುವ ಕಡೆ, ಅದರ ಗೋಡೆಗೆ ಎರಡು ಮೂರು ಮಿಲಿಮೀಟರಿನ ಸಣ್ಣ ತೂತು ಹಾಕಿ. ಒಳಗಡೆ ತಗಡಿನ ಮುಳ್ಳು ಎದ್ದಿರಬಾರದು, ಇದ್ದರೆ ಅಳತೆ ತಪ್ಪುತ್ತದೆ. ನೀರಿನ ಪೈಪಿನ ಇನ್ನೊಂದು ತುದಿಯನ್ನು ಆ ತೂತಿಗೆ ಬಿಗಿಯಾಗಿ ಹಿಡಿದು, ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ನೋಡಿ. 80 ಮಿಲಿಮೀಟರ್ ವ್ಯತ್ಯಾಸ ಇದ್ದರೆ ಅಲ್ಲಿನ ಒತ್ತಡ 80. ಎಳೆಯುವ ಕಡೆಯೂ ಹೀಗೆ ಅಳೆಯಿರಿ, ಅಲ್ಲಿ ನೀರು ತೂತಿನ ಕಡೆಗೆ ಏರುತ್ತದೆ. ಎರಡನ್ನೂ ಕೂಡಿದರೆ ಬ್ಲೋವರ್ ಒಟ್ಟು ಎಷ್ಟು ಒತ್ತಡ ಏರಿಸುತ್ತಿದೆ ಅಂತ ಹೆಚ್ಚುಕಮ್ಮಿ ಸಿಗುತ್ತದೆ.

ಜೊತೆಗೆ ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್‌ನಲ್ಲಿ ಮೋಟಾರಿನ ಆಂಪ್ಸ್ ಬರೆದುಕೊಳ್ಳಿ. ಈ ಎರಡು ಅಂಕಿ ಸೇರಿದರೆ ರೋಗ ಎಲ್ಲಿದೆ ಅಂತ ಬಾಯಿಬಿಟ್ಟು ಹೇಳುತ್ತವೆ. ಬ್ಲೋವರ್ ಚೆನ್ನಾಗಿದ್ದಾಗಿನ ಅಂಕಿಗಿಂತ ಒತ್ತಡ ಏರಿ ಆಂಪ್ಸ್ ಇಳಿದಿದ್ದರೆ ಪೈಪ್ ಎಲ್ಲೋ ಕಟ್ಟಿಕೊಂಡಿದೆ. ಒತ್ತಡ ಇಳಿದು ಆಂಪ್ಸ್ ಏರಿದ್ದರೆ ಎಲ್ಲೋ ದೊಡ್ಡ ಸೋರಿಕೆ, ಅಥವಾ ಯಾವುದೋ ಬಾಗಿಲು ತೆರೆದಿದೆ. ಎರಡೂ ಇಳಿದಿದ್ದರೆ ಬೆಲ್ಟ್ ಜಾರುತ್ತಿದೆ ಅಥವಾ ಇಂಪೆಲ್ಲರ್ ಸವೆದಿದೆ. ದಿಕ್ಕು ಮಾತ್ರ ಮೊದಲೇ ಖಾತ್ರಿ ಮಾಡಿಕೊಂಡಿರಬೇಕು, ಉಲ್ಟಾ ತಿರುಗುವಾಗ ಆಂಪ್ಸ್ ಏರುತ್ತದೋ ಇಳಿಯುತ್ತದೋ ಬ್ಲೇಡ್ ಯಾವ ಜಾತಿಯದು ಅನ್ನುವುದರ ಮೇಲೆ ಹೋಗುತ್ತದೆ.

ಪೈಪ್ ಕಟ್ಟಿಕೊಂಡಾಗ ಆಂಪ್ಸ್ ಇಳಿಯುತ್ತದೆ ಅನ್ನುವುದು ಬಹಳ ಜನಕ್ಕೆ ತಿರುಗಾಮುರುಗಾ ಅನಿಸುತ್ತದೆ. ಬಾಯಿ ಮುಚ್ಚಿದರೆ ಮೋಟಾರ್‌ಗೆ ಕಷ್ಟ ಆಗಬೇಕಲ್ವಾ? ಆಗುವುದಿಲ್ಲ. ಗಾಳಿ ಹೊರಗೆ ಹೋಗದಿದ್ದರೆ ಹೊಸ ಗಾಳಿಯನ್ನು ನಿಂತಲ್ಲಿಂದ ಎತ್ತಿ ಓಡಿಸುವ ಕೆಲಸವೇ ಇಲ್ಲ, ಒಳಗಿದ್ದದ್ದೇ ಸುತ್ತುತ್ತಿರುತ್ತದೆ. ಅದಕ್ಕೇ ದೊಡ್ಡ ಬ್ಲೋವರ್‌ಗಳನ್ನು ಡ್ಯಾಂಪರ್, ಅಂದರೆ ಪೈಪಿನಲ್ಲಿ ಗಾಳಿ ತಡೆಯುವ ತಗಡಿನ ಬಾಗಿಲು, ಮುಚ್ಚಿ ಸ್ಟಾರ್ಟ್ ಮಾಡಿ, ವೇಗ ಹಿಡಿದ ಮೇಲೆ ನಿಧಾನ ತೆರೆಯುವುದು. ಆದರೆ ಮುಚ್ಚಿಯೇ ಬಹಳ ಹೊತ್ತು ಓಡಿಸಬೇಡಿ, ಒಳಗಿನ ಗಾಳಿ ಕಾದು ಬೇರಿಂಗ್‌ಗೂ ತಟ್ಟುತ್ತದೆ. ಇನ್ನೊಂದು ಮಾತು, ಭಾರ ಇಲ್ಲದಿದ್ದರೂ ಮೋಟಾರ್ ಪೂರ್ತಿ ಕರೆಂಟಿನ ಮೂರನೇ ಒಂದು ಭಾಗದಷ್ಟು ಎಳೆಯುತ್ತಲೇ ಇರುತ್ತದೆ, ಹಾಗಾಗಿ ಆಂಪ್ಸ್ ಅರ್ಧ ಆಯಿತು ಅಂದರೆ ಭಾರ ಅರ್ಧಕ್ಕಿಂತ ಕೆಳಗೆ ಹೋಗಿದೆ ಅಂತಲೇ ತಿಳಿಯಿರಿ.

ಪುಲ್ಲಿ ಬದಲಿಸುವ ಮುಂಚೆ ಈ ಲೆಕ್ಕ

ಎಲ್ಲ ಸರಿ ಇದೆ, ಆದರೂ ಗಾಳಿ ಸಾಲದು, ಮಿಲ್ ದೊಡ್ಡದಾಗಿದೆ ಅನ್ನಿ. ಆಗ ವೇಗ ಏರಿಸಬಹುದು. ಇಲ್ಲಿ ಮೂರು ನಿಯಮ. ಗಾಳಿ ವೇಗದಷ್ಟೇ ಏರುತ್ತದೆ. ಒತ್ತಡ ವೇಗದ ವರ್ಗದಷ್ಟು ಏರುತ್ತದೆ. ಮೋಟಾರ್ ಮೇಲಿನ ಭಾರ ವೇಗದ ಘನದಷ್ಟು ಏರುತ್ತದೆ.

ಮೋಟಾರ್ ಕಡೆಯ ಪುಲ್ಲಿ ಐದು ಇಂಚು ಇದ್ದದ್ದನ್ನು ಆರು ಮಾಡಿದರೆ ವೇಗ 1.2 ಪಟ್ಟು. ಗಾಳಿ ಶೇಕಡಾ 20 ಜಾಸ್ತಿ, ಒತ್ತಡ ಶೇಕಡಾ 44 ಜಾಸ್ತಿ, ಭಾರ ಶೇಕಡಾ 73 ಜಾಸ್ತಿ. ಏಳು ಎಚ್‌ಪಿ ತಿನ್ನುತ್ತಿದ್ದದ್ದು ಹನ್ನೆರಡು ತಿನ್ನುತ್ತದೆ. ಹತ್ತು ಎಚ್‌ಪಿ ಮೋಟಾರ್ ಇದ್ದರೆ ಸುಟ್ಟು ಹೋಗುತ್ತದೆ. ದೊಡ್ಡ ಮೋಟಾರ್ ನಿಜವಾಗಿ ಬೇಕಾಗುವ ಜಾಗ ಇದು, ವೇಗ ಏರಿಸಿದಾಗ. ಇಂಪೆಲ್ಲರ್ ಮೇಲಿನ ಎಳೆತವೂ ವೇಗದ ವರ್ಗದಷ್ಟು ಏರುವುದರಿಂದ ತಯಾರಕರು ಹೇಳಿದ ಗರಿಷ್ಠ ಸುತ್ತು ದಾಟಲೇಬಾರದು. ಬಿಚ್ಚಿಕೊಂಡ ಬ್ಲೇಡ್ ಕೇಸಿಂಗ್ ಸೀಳಿಕೊಂಡು ಬರುತ್ತದೆ.

ಇದೇ ಲೆಕ್ಕ ಉಲ್ಟಾ ಮಾಡಿದರೆ ಲಾಭ. ಗಾಳಿ ಜಾಸ್ತಿ ಇದೆ ಅಂತ ವರ್ಷವೆಲ್ಲ ಡ್ಯಾಂಪರ್ ಅರ್ಧ ಮುಚ್ಚಿ ಓಡಿಸುವವರು ಸಣ್ಣ ಪುಲ್ಲಿ ಅಥವಾ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಹಾಕಿ ವೇಗವನ್ನು ಶೇಕಡಾ 80ಕ್ಕೆ ಇಳಿಸಿದರೆ ಭಾರ ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ಕರೆಂಟ್ ಬಿಲ್ ನೋಡುವ ಸಾವ್ಕಾರ್ರು ಇದನ್ನು ಮೊದಲು ಕೇಳಬೇಕು. ಹೊಟ್ಟು, ಹತ್ತಿ ಓಡಿಸುವ ಪೈಪುಗಳಲ್ಲಿ ಮಾತ್ರ ವೇಗ ಇಳಿಸುವ ಮುಂಚೆ ಮೇಲೆ ಹೇಳಿದ 15ರಿಂದ 20 ಮೀಟರ್ ಉಳಿಯುತ್ತದಾ ನೋಡಿಕೊಳ್ಳಿ.

ನಮ್ಮ ಬಿಸಿಲು

ಕಂಪನಿಯವರ ಪಟ್ಟಿಯಲ್ಲಿ ಬರೆದಿರುವ ಒತ್ತಡ ಸಾಮಾನ್ಯವಾಗಿ ಒಂದು ಘನ ಮೀಟರ್ ಗಾಳಿ 1.2 ಕಿಲೋ ತೂಗುತ್ತದೆ ಅನ್ನುವ ಲೆಕ್ಕದ್ದು. ರಾಯಚೂರು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರ. ಅಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಬಿಸಿಲಿನಲ್ಲಿ ಅದೇ ಗಾಳಿ 1.07 ಕಿಲೋ ಮಾತ್ರ ತೂಗುತ್ತದೆ. ಗಾಳಿ ಹಗುರಾದಷ್ಟೂ ಒತ್ತಡ ಕಮ್ಮಿ, ಅಂದರೆ ಯಾವ ರಿಪೇರಿಯೂ ಇಲ್ಲದ ಬ್ಲೋವರ್ ಕೂಡ ಪಟ್ಟಿಗಿಂತ ಶೇಕಡಾ ಹತ್ತರಷ್ಟು ಹಿಂದೆ ಇರುತ್ತದೆ. ಡಿಸೆಂಬರ್ ಬೆಳಿಗ್ಗೆ ಚೆನ್ನಾಗಿ ಎಳೆಯುತ್ತಿದ್ದದ್ದು ಬೇಸಿಗೆ ಮಧ್ಯಾಹ್ನ ಸ್ವಲ್ಪ ಸೋತ ಹಾಗೆ ಕಂಡರೆ ಗಾಬರಿ ಬೇಡ.

ಬಾಯ್ಲರ್‌ನ ಐಡಿ ಫ್ಯಾನ್‌ಗೆ ಇದು ಇನ್ನೂ ಜೋರು. 150 ಡಿಗ್ರಿಯ ಹೊಗೆ ತಣ್ಣನೆ ಗಾಳಿಯ ಸುಮಾರು ಮುಕ್ಕಾಲಿಗಿಂತ ಕಮ್ಮಿ ತೂಗುತ್ತದೆ. ಬಿಸಿ ಹೊಗೆಗೆ ಅಂತ ಲೆಕ್ಕ ಹಾಕಿ ಕೂರಿಸಿದ ಮೋಟಾರ್ ಬೆಳಿಗ್ಗೆ ಬಾಯ್ಲರ್ ತಣ್ಣಗಿರುವಾಗ ಡ್ಯಾಂಪರ್ ಪೂರ್ತಿ ತೆರೆದು ಸ್ಟಾರ್ಟ್ ಮಾಡಿದರೆ ಟ್ರಿಪ್ ಆಗುತ್ತದೆ. ಮೋಟಾರ್ ಕೆಟ್ಟಿಲ್ಲ, ಗಾಳಿ ಭಾರ ಇದೆ ಅಷ್ಟೇ. ಡ್ಯಾಂಪರ್ ಮುಚ್ಚಿ ಶುರು ಮಾಡಿ, ಬೆಂಕಿ ಹಿಡಿದು ಹೊಗೆ ಕಾದ ಹಾಗೆ ತೆರೆಯುತ್ತಾ ಹೋಗಿ.

ಹೊಸದು ಮಾಡಿಸಲೇಬೇಕಾದರೆ

ಫ್ಯಾಬ್ರಿಕೇಶನ್ ಶಾಪಿಗೆ ಹೋಗಿ "ಹತ್ತು ಎಚ್‌ಪಿ ಬ್ಲೋವರ್ ಮಾಡಿಕೊಡ್ರಿ" ಅನ್ನಬೇಡಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ, ಎಷ್ಟು ಮಿಲಿಮೀಟರ್ ಒತ್ತಡ, ಗಾಳಿ ಎಷ್ಟು ಬಿಸಿ, ಒಳಗಿಂದ ಹೊಟ್ಟು ಹೋಗುತ್ತದಾ ಶುದ್ಧ ಗಾಳಿ ಮಾತ್ರವಾ, ಬಾಯಿ ಯಾವ ಕಡೆ ತಿರುಗಿರಬೇಕು, ಇದನ್ನು ಹೇಳಿ. ಗಾಳಿಯ ಲೆಕ್ಕ ಸುಲಭ, ಎಂಟು ಇಂಚಿನ ಪೈಪಿನಲ್ಲಿ 20 ಮೀಟರ್ ವೇಗ ಬೇಕಾದರೆ ಗಂಟೆಗೆ ಸುಮಾರು 2,300 ಘನ ಮೀಟರ್. ಒತ್ತಡವನ್ನು ಹಳೆ ಬ್ಲೋವರ್ ಚೆನ್ನಾಗಿ ಓಡುತ್ತಿದ್ದಾಗ ನೀರಿನ ಪೈಪಿನಲ್ಲಿ ಅಳೆದು ಬರೆದಿಟ್ಟಿದ್ದರೆ ಅದನ್ನೇ ಕೊಡಿ. ಬರೆದಿಟ್ಟಿಲ್ಲ ಅಂದರೆ ಈಗ ಓಡುತ್ತಿರುವ ಉಳಿದ ಬ್ಲೋವರ್‌ಗಳದ್ದಾದರೂ ಒತ್ತಡ, ಆಂಪ್ಸ್, ಸುತ್ತು, ಪುಲ್ಲಿ ಅಳತೆ, ಬೆಲ್ಟ್ ನಂಬರ್ ಇವತ್ತೇ ಅಳೆದು ಸ್ಟಾರ್ಟರ್ ಡಬ್ಬಿಯ ಒಳ ಬಾಗಿಲಿಗೆ ಅಂಟಿಸಿ.